ಕಾಗದದ ಕಪ್ಪೆಯೂ ಹಳ್ಳಿಮೈಸೂರಿನ ಅಕ್ಕನೂ

ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಒಂದು ಕಾಗದದ ಕಪ್ಪೆಯ ಜೊತೆ ಯುದ್ಧಕ್ಕಿಳಿದು ಹನ್ನೊಂದು ಸಲ ಸೋತೆ. ಸೋತದ್ದಕ್ಕೆ ನಾಚಿಕೆಯಿಲ್ಲ. ಒಮ್ಮೆ ಪುರಸಭೆ ಚುನಾವಣೆಗೆ ನಿಂತು, ನನ್ನ ಕರಪತ್ರವನ್ನು ನಾನೇ ಅಚ್ಚು ಹಾಕಿಕೊಂಡು ಸೋತವನು ನಾನು, ಸೋಲು ಒಗ್ಗಿದೆ. ನಾಚಿಕೆಯಾಗಿದ್ದು ಕಾಗದದ ಕೈಯಲ್ಲಿ ಸೋತದ್ದಕ್ಕೆ. ಏಕೆಂದರೆ ನನ್ನ ಹೊಟ್ಟೆಪಾಡೇ ಕಾಗದ. ಹೊಳೆನರಸೀಪುರದಲ್ಲಿ ಅಪ್ಪನ ಕಾಲದಿಂದ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ನಮ್ಮದು. ಕಾಗದ ಕತ್ತರಿಸುವುದು, ಮಡಚುವುದು, ಮಡಚಿದ ಮೇಲೆ ಉಗುರಿನಿಂದ ತೀಡುವುದು, ಇಷ್ಟರಲ್ಲೇ ಬೆರಳಿನ ಗೆರೆಗಳೆಲ್ಲ ಸವೆದುಹೋಗಿ, ಹೆಬ್ಬೆಟ್ಟು ಕೇಳುವ ಯಾವ ಯಂತ್ರವೂ ನನ್ನನ್ನು ಒಂದೇ ಸಲಕ್ಕೆ ಮನುಷ್ಯನೆಂದು ಒಪ್ಪುವುದಿಲ್ಲ. ಅಂಥವನನ್ನು ಒಂದು ಕಪ್ಪೆ, ಅದೂ ಒಂದೇ ಹಾಳೆಯಲ್ಲಿ ಮಡಚಿದ ಕಪ್ಪೆ, ಹನ್ನೊಂದು ಸಲ ಮಣ್ಣು ಮುಕ್ಕಿಸಿತು.

ಕಪ್ಪೆ ಇದ್ದದ್ದು ನಮ್ಮ ಮಗಳು ಚೈತ್ರಳ ವಿಡಿಯೊ ಗೇಮಿನಲ್ಲಿ. ಚೈತ್ರ ಚನ್ನರಾಯಪಟ್ಟಣದಲ್ಲಿ ಹೈಸ್ಕೂಲು ಮೇಡಂ. ಮದುವೆಯಾಗಿ ಎರಡು ವರ್ಷ. ಈಗ ಚೊಚ್ಚಲ ಬಸುರಿ. ಏಳನೇ ತಿಂಗಳಿಗೆ ಡಾಕ್ಟರು ಹೆಚ್ಚು ಓಡಾಡಬಾರದು ಅಂದದ್ದರಿಂದ ನಾಲ್ಕು ಸೀರೆ, ಎರಡು ದಿಂಬು ಮತ್ತು ಅಂಗೈ ಮೇಲೆ ಹಿಡಿದು ಆಡುವ ಒಂದು ಆಟದ ಯಂತ್ರದ ಸಮೇತ ತವರಿಗೆ ಬಂದಳು. ನಮ್ಮ ಕಾಲದಲ್ಲಿ ಬಸುರಿ ಹೆಂಗಸರು ದೇವರ ಕಥೆ ಕೇಳುತ್ತಿದ್ದರು, ಅದನ್ನು ಕೇಳಿ ಹೊಟ್ಟೆಯೊಳಗಿನ ಮಗುವೂ ಯುದ್ಧವಿದ್ಯೆ ಕಲಿಯುತ್ತಿತ್ತು. ಈ ಮಗು ಹುಟ್ಟುವ ಹೊತ್ತಿಗೆ ಏನೇನು ಕಲಿತಿರುತ್ತದೋ ಎಂದು ನಾನು ಗೊಣಗಿದೆ. 'ಒಂದ್ಸಲ ಆಡಿ ನೋಡಿ ಅಪ್ಪ, ಆಮೇಲೆ ಬೈಯಿರಿ' ಅಂದಳು. ಮಧ್ಯಾಹ್ನದ ಊಟಕ್ಕೆ ಅಂಗಡಿ ಮುಚ್ಚಿ ಬಂದವನು ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಆ ದಿನ ಅಂಗಡಿ ಮತ್ತೆ ತೆರೆದದ್ದು ಐದು ಗಂಟೆಗೆ.

ಆ ಆಟದೊಳಗಿನ ಲೋಕವೆಲ್ಲ ಕಾಗದ. ಬೆಟ್ಟಗಳೆಲ್ಲ ರಟ್ಟಿನವು, ಹೊಳೆಯ ನೀರು ಶಾಲೆಯ ವಾರ್ಷಿಕೋತ್ಸವಕ್ಕೆ ಕಟ್ಟುವ ಸುಕ್ಕುಗಾಗದದ್ದು, ಸೂರ್ಯನನ್ನು ಯಾರೋ ದಾರದಲ್ಲಿ ತೂಗುಹಾಕಿದ್ದಾರೆ. ನಾಯಕಿಯೂ ಕಾಗದದಲ್ಲಿ ಕತ್ತರಿಸಿದ ಒಂದು ಹುಡುಗಿ. ಎದುರಿನಿಂದ ನೋಡಿದರೆ ಮೂಗು, ಕಣ್ಣು, ಜಡೆ ಎಲ್ಲ ಇದೆ. ಪಕ್ಕಕ್ಕೆ ತಿರುಗಿದರೆ ಒಂದು ಗೆರೆ, ಅಷ್ಟೆ. ಬಾಗಿಲ ಸಂದಿಯಲ್ಲಿ ನುಸುಳಬೇಕಾದಾಗ ಪಕ್ಕಕ್ಕೆ ತಿರುಗಿ ಹೊರಟುಬಿಡುತ್ತಾಳೆ. ಹಾಸನದ ಬಸ್ಸಿನಲ್ಲಿ ಸೋಮವಾರ ಬೆಳಗ್ಗೆ ನಿಂತು ಪ್ರಯಾಣ ಮಾಡುವ ನನ್ನಂಥವರಿಗೆ ಈ ವಿದ್ಯೆ ಎಷ್ಟು ಉಪಯೋಗವೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ವೈರಿಗಳು ಮಾತ್ರ ಮಡಚಿದ ಪ್ರಾಣಿಗಳು. ಏಡಿ, ಕೊಕ್ಕರೆ, ಕಪ್ಪೆ, ಒಂದು ದೊಡ್ಡ ಹೋರಿ. ಇವನ್ನು ಹೊಡೆಯುವಂತಿಲ್ಲ, ಬಡಿಯುವಂತಿಲ್ಲ, ಬಿಚ್ಚಬೇಕು. ಒಂದೊಂದೇ ಮಡಿಕೆ ಹುಡುಕಿ ಬೆರಳಿನಲ್ಲಿ ಎಳೆದರೆ ಅದು ತೆರೆದುಕೊಳ್ಳುತ್ತದೆ. ಪರದೆಯ ಮೂಲೆಯಲ್ಲಿ ಒಂದು ಶಾಯಿ ಬಾಟಲಿ ಉರುಳಿ ಬಿದ್ದಿರುತ್ತದೆ, ಶಾಯಿ ನಿಧಾನಕ್ಕೆ ಹರಿದುಬರುತ್ತಿರುತ್ತದೆ. ಅದು ನಮ್ಮ ಹುಡುಗಿಯ ಕಾಲಿಗೆ ತಾಗುವುದರೊಳಗೆ ಬಿಚ್ಚಿ ಮುಗಿಸಬೇಕು. ತಪ್ಪಾದ ಮಡಿಕೆ ಎಳೆದರೆ ಚರ್ರೆಂದು ಹರಿದ ಸದ್ದು. ಕಾಗದದ ವ್ಯಾಪಾರಿಯ ಕಿವಿಗೆ ಅದಕ್ಕಿಂತ ಕೆಟ್ಟ ಸದ್ದಿಲ್ಲ. ಸರಿಯಾಗಿ ಬಿಚ್ಚಿದರೆ ಹೋರಿ ಹೋಗಿ ಬರಿಯ ಹಾಳೆಯಾಗುತ್ತದೆ. ಒಳಗೆ ನೋಡಿದರೆ ಯಾರೋ ಯಾರಿಗೋ ಬರೆದ ಕಾಗದ, ಇಲ್ಲವೇ ಮಗುವೊಂದು ಗೀಚಿದ ಚಿತ್ರ. ಆ ಹಾಳೆ ನಮಗೆ ಬಾಗಿ ನಮಸ್ಕಾರ ಮಾಡಿ ತನ್ನ ಪಾಡಿಗೆ ಹೊರಟುಹೋಗುತ್ತದೆ. ಯಾರೂ ಸಾಯದ ಯುದ್ಧವನ್ನು ನಾನು ನೋಡಿದ್ದು ಅದೇ ಮೊದಲು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಮೂರನೆಯ ಸೋಲಿನ ಹೊತ್ತಿಗೆ ಆಟದ ಕಾಗದದ ಮೇಲೆ ತಪ್ಪು ಹೊರಿಸಲು ನೋಡಿದೆ. ಕಾಗದಕ್ಕೂ ಮರದ ಹಾಗೆ ನಾರು ಇರುತ್ತದೆ, ನಾರಿನ ಜೊತೆಗೆ ಮಡಚಿದರೆ ನುಣ್ಣಗೆ ಮಡಚಿಕೊಳ್ಳುತ್ತದೆ, ಅಡ್ಡಕ್ಕೆ ಮಡಚಿದರೆ ಬಿಳಿಚಿಕೊಂಡು ಬಿರಿಯುತ್ತದೆ, ಇದನ್ನೆಲ್ಲ ಈ ಆಟ ಮಾಡಿದ ಮಕ್ಕಳು ಎಲ್ಲಿ ಬಲ್ಲರು ಎಂದು ಭಾಷಣ ಮಾಡಿದೆ. ಚೈತ್ರ ಪರದೆಯನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದಳು. ಕಪ್ಪೆಯ ಹಿಂಗಾಲಿನ ಅಡ್ಡ ಮಡಿಕೆಯಲ್ಲಿ ಎಳೆ ಎಳೆಯಾಗಿ ಬಿಳಿ ಬಿರುಕು ಇತ್ತು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಯಾವ ದೇಶದವರೋ, ಯಾವ ಊರಿನವರೋ, ಅವರೂ ಒಂದು ಕಾಲಕ್ಕೆ ಅಚ್ಚುಕೂಟದ ಕಸ ಗುಡಿಸಿರಬೇಕು ಅಂದುಕೊಂಡೆ.

ನಾನು ಸೋಲುತ್ತಿದ್ದುದು ಬೇರೆ ಕಾರಣಕ್ಕೆ. ಜೀವಮಾನವಿಡೀ ಮಡಚಿದವನ ಕೈಗೆ ಮೊದಲ ಮಡಿಕೆಯೇ ಮುಖ್ಯ. ಹಾಳೆಯನ್ನು ಸರಿಯಾಗಿ ಅರ್ಧಕ್ಕೆ ಮಡಚಿದರೆ ಮುಂದಿನದೆಲ್ಲ ಸಲೀಸು, ಅದು ಓರೆಯಾದರೆ ಇಡೀ ಪತ್ರಿಕೆ ಓರೆ. ಅದಕ್ಕೇ ಕಪ್ಪೆ ಎದುರಿಗೆ ಬಂದ ಕೂಡಲೆ ನಾನು ಇದನ್ನು ಮೊದಲು ಎಲ್ಲಿ ಮಡಚಿದ್ದಾರೆ ಎಂದು ಹುಡುಕುತ್ತಿದ್ದೆ. ಹುಡುಕಿ, ಸಿಕ್ಕ ಹೆಮ್ಮೆಯಲ್ಲಿ ಅದನ್ನೇ ಹಿಡಿದು ಎಳೆಯುತ್ತಿದ್ದೆ. ಮೇಲೆ ಏಳೆಂಟು ಮಡಿಕೆಗಳು ಕೂತಿರುವಾಗ ಅಡಿಯದನ್ನು ಎಳೆದರೆ ಏನಾಗುತ್ತದೆ? ಚರ್ರ್. 'ಅಲ್ಲಪ್ಪ, ಕೊನೇಲಿ ಮಡಚಿದ್ದನ್ನ ಮೊದ್ಲು ಬಿಚ್ಚಬೇಕು. ಯಾವುದು ಎಲ್ಲದಕ್ಕಿಂತ ಮೇಲಿದೆ ಅಂತ ನೋಡಿ' ಎಂದು ಮಗಳು ಹೇಳಿಕೊಟ್ಟಳು. ಅಷ್ಟು ಗೊತ್ತಿಲ್ಲವೇ ನನಗೆ? ಗೊತ್ತಿತ್ತು. ಕೈ ಕೇಳಬೇಕಲ್ಲ.

ಹಿಂದೆ ನಮ್ಮ ಕಡೆಯ ಶಾನುಭೋಗರು ಕಡತ ಅಂತ ಇಟ್ಟುಕೊಳ್ಳುತ್ತಿದ್ದರು. ಈಗ ಕಡತವೆಂದರೆ ಸರ್ಕಾರಿ ಫೈಲು. ಆಗ ಅದು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಚುತ್ತಿದ್ದರು. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸುವುದು. ನಮ್ಮ ತಾತ ಅಂಥದ್ದೊಂದನ್ನು ನೋಡಿದ್ದರಂತೆ. ಊರಿನ ಎಲ್ಲ ತಕರಾರುಗಳೂ ಅದರ ಮಡಿಕೆಯಲ್ಲಿ ಮಲಗಿರುತ್ತಿದ್ದವು, ಶಾನುಭೋಗ ಬಿಚ್ಚಿದರೆ ಎದ್ದು ಕೂರುತ್ತಿದ್ದವು ಎಂದು ಹೇಳುತ್ತಿದ್ದರು. ಒರೆಸುವ ಸೌಕರ್ಯವಿದ್ದ ಪುಸ್ತಕ ಹೋಗಿ ಒರೆಸಲು ಬಾರದ ಕಾಗದ ಬಂದದ್ದರಿಂದಲೇ ನಮ್ಮ ಜನರ ಜಗಳಗಳು ಇಷ್ಟು ಕಾಲ ಬಾಳುತ್ತಿವೆಯೇನೋ ಎಂಬ ಒಂದು ಅನುಮಾನ ನನಗೆ ಇದೆ. ಕಾಗದದಿಂದಲೇ ಹೊಟ್ಟೆ ಹೊರೆಯುವವನು ಇದನ್ನು ಜೋರಾಗಿ ಹೇಳಬಾರದು.

ಕಪ್ಪೆಯನ್ನು ನಾನು ಹನ್ನೆರಡನೆಯ ಸಲಕ್ಕೆ ಗೆದ್ದೆ. ಒಳಗೆ ಯಾವುದೋ ಮಗು ಕಾಪಿ ಬರೆದ ಹಾಳೆ ಇತ್ತು. ಮೈಮೇಲೆಲ್ಲ ಮಡಿಕೆಯ ಗೆರೆಗಳನ್ನು ಹೊತ್ತುಕೊಂಡೇ ಅದು ನಮಸ್ಕರಿಸಿ ಹೋಯಿತು. ಗೆದ್ದ ಸಂತೋಷಕ್ಕೆ ನಾನು ಕಾಫಿ ಕೇಳಿದೆ. ಕಾಫಿ ತಂದ ನನ್ನ ಹೆಂಡತಿ ರತ್ನ ಲೋಟದ ಜೊತೆಗೆ ಒಂದು ಮಾತನ್ನೂ ತಂದಳು: 'ಇನ್ನು ಹದಿನೈದು ದಿನಕ್ಕೆ ಸೀಮಂತ. ನಿಮ್ಮಕ್ಕನ್ನ ಕರಿಯಕ್ಕೆ ಯಾವಾಗ ಓಗಾನ?' ನನಗಿಂತ ಮೊದಲು ಚೈತ್ರ ಉತ್ತರ ಕೊಟ್ಟಳು: 'ಹಳ್ಳಿಮೈಸೂರಿನ ಅತ್ತೆ ಬಂದು ತೊಡಿಸದೆ ನಾನು ಬಳೆ ತೊಡೋದಿಲ್ಲ.'

ಅಕ್ಕ ಅಂದರೆ ನನಗಿಂತ ಆರು ವರ್ಷ ದೊಡ್ಡವಳು, ಕೊಟ್ಟಿರುವುದು ಹಳ್ಳಿಮೈಸೂರಿಗೆ. ಚೈತ್ರ ಚಿಕ್ಕವಳಿದ್ದಾಗ ರತ್ನಳಿಗೆ ಕಾಮಾಲೆಯಾಗಿ ವರ್ಷಗಟ್ಟಲೆ ಚೇತರಿಸಿಕೊಳ್ಳಲಿಲ್ಲ. ಆಗ ಮಗುವನ್ನು ಕರೆದುಕೊಂಡು ಹೋಗಿ ಎರಡು ವರ್ಷ ಸಾಕಿದವಳು ಅಕ್ಕ. ಒಂದನೇ ಕ್ಲಾಸು, ಎರಡನೇ ಕ್ಲಾಸು ಚೈತ್ರ ಓದಿದ್ದು ಅಲ್ಲೇ. ಅವಳಿಗೆ ಜಡೆ ಹೆಣೆದವಳು, ಹೇನು ತೆಗೆದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು ಅಕ್ಕ. ಅಂಥ ಅಕ್ಕ ಚೈತ್ರಳ ಮದುವೆಗೆ ಬಂದು, ಅಕ್ಷತೆ ಹಾಕಿ, ಊಟ ಮಾಡದೆ ಹೋದಳು. ನಮ್ಮಲ್ಲಿ ಮದುವೆಗೆ ಬರದೇ ಇರುವುದು ಕೋಪ. ಬಂದು ಉಣ್ಣದೆ ಹೋಗುವುದು ತೀರ್ಪು. ಅಂದಿನಿಂದ ಎರಡು ವರ್ಷ ಅವಳು ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಕಾರಣ ಹೇಳಲು ನನಗೆ ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ. ಆ ಮದುವೆಯ ಪತ್ರಿಕೆ ಹಂಚಲು ಚೀಲ ಹೊತ್ತು ಹೊರಟವನಿಗೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಎದುರಾದಳು. ಅಲ್ಲೇ ಯಾವುದೋ ತಿಥಿ ಮುಗಿಸಿಕೊಂಡು ಬರುತ್ತಿದ್ದಳು. ನಾನು ಚೀಲದಿಂದ ಒಂದು ಪತ್ರಿಕೆ ತೆಗೆದು, 'ಸಿಕ್ಕಿದ್ದು ಒಳ್ಳೇದಾಯ್ತು ಅಕ್ಕ' ಎಂದು ಕೈಗಿಟ್ಟೆ. ಕುಂಕುಮವಿಲ್ಲ, ಅಕ್ಷತೆಯಿಲ್ಲ, ಜೊತೆಗೆ ಹೆಂಡತಿಯಿಲ್ಲ. ದಂಪತಿ ಮನೆಗೆ ಹೋಗಿ, ಕೂತು, ನೀರು ಕುಡಿದು, ತಟ್ಟೆಯಲ್ಲಿಟ್ಟು ಕೊಡದ ಲಗ್ನಪತ್ರಿಕೆ ಬರಿಯ ರಟ್ಟು ಎಂದು ಊರಿನ ಗಿರಾಕಿಗಳಿಗೆಲ್ಲ ಬುದ್ಧಿ ಹೇಳುತ್ತಾ ಬಂದವನು ನಾನೇ. ದೀಪದ ಬುಡದಲ್ಲಿ ಕತ್ತಲು. ಅಕ್ಕ ಅದನ್ನು ಬ್ಯಾಗಿಗೆ ಹಾಕಿಕೊಂಡು ಹಳ್ಳಿಮೈಸೂರಿನ ಬಸ್ಸು ಹತ್ತಿದಳು.

ಮರೆತು ಮಾಡಿದೆನೆ? ಊರಿಗೆ ಹಾಗೆಂದೇ ಹೇಳಿದ್ದೆ. ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ, ಅದರಲ್ಲಿ ಒಂದು ಚಿವುಟು ಇತ್ತು. ಐದು ವರ್ಷದ ಹಿಂದೆ ಅಕ್ಕನ ಮಗನ ಮದುವೆಗೆ ಅವಳು ಪತ್ರಿಕೆ ಅಚ್ಚು ಹಾಕಿಸಿದ್ದು ನನ್ನ ಅಂಗಡಿಯಲ್ಲಲ್ಲ, ಹಾಸನದಲ್ಲಿ! ತಮ್ಮನ ಕಸುಬೇ ಅದಾಗಿರುವಾಗ! ಅದು ಯಾಕೆಂದು ನನಗೆ ಗೊತ್ತಿತ್ತು. ಅದಕ್ಕೂ ಹಿಂದೆ, ಅಕ್ಕನ ಹೊಸ ಮನೆಯ ಗೃಹಪ್ರವೇಶದ ಪತ್ರಿಕೆಯಲ್ಲಿ, 'ಸುಖಾಗಮನ ಬಯಸುವವರು' ಎಂಬಲ್ಲಿ ಬಾವನ ತಮ್ಮನ ಹೆಸರನ್ನು ನಾನು ಬಿಟ್ಟುಬಿಟ್ಟಿದ್ದೆ. ಅದರ ಸೇಡು ಇದು ಎಂದು ಅಂದೇ ತೀರ್ಮಾನಿಸಿದೆ. ಸೇಡಿಗೆ ಸೇಡೆಂದು ಬಸ್ ಸ್ಟ್ಯಾಂಡು. ಹಾಸನದ ಹತ್ತಿರ ಮೊಸಳೆ ಎಂಬ ಊರಿನಲ್ಲಿ ಜೋಡಿ ದೇವಸ್ಥಾನಗಳಿವೆಯಲ್ಲ, ಒಂದೇ ಅಚ್ಚು, ನಡುವೆ ನಾಲ್ಕು ಹೆಜ್ಜೆ, ಎರಡೂ ಮೂಡಣಕ್ಕೆ ಮುಖ ಮಾಡಿ ನಿಂತು ಒಂದರ ಮುಖ ಒಂದು ನೋಡುವುದಿಲ್ಲ. ನಾವಿಬ್ಬರೂ ಹಾಗೆಯೇ ಆಗಿದ್ದೆವು.

'ಅವ್ಳು ಮೊದ್ಲು ಕಾರ್ಡ್ ಮಾಡ್ಸಕ್ಕೆ ಹಾಸನಕ್ಕೆ ಯಾಕ್ ಓದ್ಲು, ಅದನ್ನ ಯೋಳ್ಲಿ. ಆಮೇಲೆ ನಾನು ಓಗಿ ಕರೀತೀನಿ' ಎಂದೆ. ಎರಡು ವರ್ಷದಿಂದ ನಾನು ಆಡುತ್ತಿದ್ದ ಮಾತು ಅದೇ. ಚೈತ್ರ ಪರದೆಯಿಂದ ಕಣ್ಣು ಎತ್ತಲಿಲ್ಲ. 'ಅಪ್ಪ, ಕಪ್ಪೆ' ಅಂದಳು, ಅಷ್ಟೆ. ರತ್ನಳಿಗೆ ಅರ್ಥವಾಗಲಿಲ್ಲ. ನನಗೆ ಆಯಿತು, ಆದದ್ದಕ್ಕೆ ಸಿಟ್ಟೂ ಬಂತು. ಎಲ್ಲಕ್ಕಿಂತ ಮೇಲಿನ ಮಡಿಕೆ ಬಸ್ ಸ್ಟ್ಯಾಂಡಿನದು. ಅದು ನಾನು ಮಡಚಿದ್ದು.

ಈಗ ಸೀಮಂತಕ್ಕೆಲ್ಲ ಯಾರೂ ಪತ್ರಿಕೆ ಮಾಡಿಸುವುದಿಲ್ಲ, ಮೊಬೈಲಿನಲ್ಲೇ ಕರೆಯುತ್ತಾರೆ. ನಾನು ಅಂಗಡಿಗೆ ಹೋಗಿ ಒಂದೇ ಒಂದು ಪತ್ರಿಕೆ ಅಚ್ಚು ಹಾಕಿದೆ. ಒಂದಕ್ಕಾದರೂ ಸಾವಿರಕ್ಕಾದರೂ ಮೊದಲ ಕೆಲಸ ಅಷ್ಟೇ ಇರುತ್ತದೆ. ಮಡಿಕೆಯನ್ನು ನಾರಿನ ಜೊತೆಗೇ ಮಡಚಿ, ಎರಡು ಸಲ ತೀಡಿದೆ. ಮರುದಿನ ರತ್ನಳೂ ನಾನೂ ತಟ್ಟೆ, ಕುಂಕುಮ, ಅಕ್ಷತೆ, ಎಲೆಅಡಿಕೆ, ಬಾಳೆಹಣ್ಣು ಹಿಡಿದು ಹಳ್ಳಿಮೈಸೂರಿನ ಬಸ್ಸಿನಲ್ಲಿ ಕೂತೆವು. ದಾರಿಯುದ್ದಕ್ಕೂ ನಾನು ಮಾತು ಜೋಡಿಸುತ್ತಿದ್ದೆ. ಎಷ್ಟು ಜೋಡಿಸಿದರೂ ಅದು ಗೃಹಪ್ರವೇಶದಿಂದಲೇ ಶುರುವಾಗುತ್ತಿತ್ತು.

ಅಕ್ಕ ಅಂಗಳದಲ್ಲಿ ಮೊರ ಹಿಡಿದು ಹುರುಳಿ ಕೇರುತ್ತಿದ್ದಳು. ನಮ್ಮನ್ನು ನೋಡಿ ಎದ್ದೇಳಲಿಲ್ಲ. 'ಏನ್ಲಾ, ಬಸ್ ಸ್ಟ್ಯಾಂಡು ಇಲ್ಲಿಗೇ ಬಂದ್ಬುಡ್ತಾ?' ಅಂದಳು. ಜಗಲಿಯ ಮೇಲಿದ್ದ ಬಾವ ಪೇಪರು ಮಡಚಿಟ್ಟು, 'ತ್ವಾಟದ ತಾವ ಓಗ್ಬತ್ತೀನಿ ಕಣಪ್ಪ, ನೀವ್ ಮಾತಾಡ್ತಿರಿ' ಎಂದು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಟರು. ಅಷ್ಟು ಬುದ್ಧಿವಂತರು ನಮ್ಮ ಮನೆತನದಲ್ಲಿ ಬೇರೆ ಯಾರೂ ಇಲ್ಲ. ರತ್ನ ಒಳಗೆ ಹೋಗಿ ತಾನೇ ನೀರು ತಂದಳು. ನಾನು ಜಗಲಿಯ ಅಂಚಿನಲ್ಲಿ ಕೂತೆ. ಆಟದ ಶಾಯಿ ನನ್ನ ಕಾಲ ಬಳಿಗೆ ಬಂದಂತೆಯೇ ಇತ್ತು.

'ಅಕ್ಕ, ಅವತ್ತು ಬಸ್ ಸ್ಟ್ಯಾಂಡಲ್ಲಿ ಕೊಟ್ಟಿದ್ದು ತಪ್ಪಾಯ್ತು' ಅಂದೆ. ಅಷ್ಟೇ ಅಂದೆ. ಅದರ ಹಿಂದೆಯೇ 'ಆದ್ರೆ' ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿದೆ. ಅಕ್ಕ ಮೊರದಲ್ಲಿದ್ದ ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ ಮೊರ ಕೆಳಗಿಟ್ಟಳು.

'ಅವತ್ತು ನನ್ನ ಜತೇಲಿ ನಮ್ಮೂರ ನಾಕ್ ಜನ ಇದ್ರು ಕಣ್ಲಾ. ನನ್ ತಮ್ಮ ಎಂಡ್ರು ಸಮೇತ ಮನೆಗ್ ಬಂದು ಕರೀತಾನೆ, ನಾನೇ ಸಾಕಿದ್ ಮಗೀನ್ ಮದ್ವೆ ಅದು ಅಂತ ದಾರೀಲೆಲ್ಲಾ ಯೋಳ್ಕಂಡ್ ಬಂದಿದ್ದೆ. ಅವ್ರ ಕಣ್ ಮುಂದೇನೇ ಕೊಟ್ಬುಟ್ಟೆ, ಪಾಂಪ್ಲೇಟ್ ಕೊಟ್ಟಂಗೆ.' ಜೊತೆಯಲ್ಲಿ ಜನರಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ನನ್ನ ಚಿವುಟು ಎಷ್ಟು ಆಳಕ್ಕೆ ಹೋಗಿತ್ತೆಂದು ನನಗೆ ಆಗ ಗೊತ್ತಾಯಿತು, ಬಹಳ ಸಂಕಟವಾಯಿತು. ರತ್ನಳ ಕೈಯ ತಟ್ಟೆ ಇಸಿದುಕೊಂಡು ನಿಂತೆ. ಅಕ್ಕ ಎದ್ದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಸೆರಗು ಹೊದ್ದು, ಕುಂಕುಮ ಇಡಿಸಿಕೊಂಡು, ಎರಡೂ ಕೈಯಲ್ಲಿ ಪತ್ರಿಕೆ ತೆಗೆದುಕೊಂಡಳು. 'ಬತ್ತೀನಿ ಬುಡು. ನಾನಲ್ದೆ ಇನ್ಯಾರ್ ತೊಡಸ್ತಾರೆ ಅವ್ಳಿಗೆ' ಅಂದಳು. ಗೆದ್ದ ಉಮೇದಿನಲ್ಲಿ ನಾನು ಹಾಸನದ ಪತ್ರಿಕೆಯ ವಿಷಯ ಎತ್ತಲು ಬಾಯಿ ತೆರೆದೆ. ರತ್ನ ನನ್ನ ಕಾಲು ತುಳಿದಳು.

ಸೀಮಂತದ ಹಿಂದಿನ ಸಂಜೆಯೇ ಅಕ್ಕ ಬಂದಳು, ಹಸಿರು ಬಳೆಯ ಪೆಟ್ಟಿಗೆ, ತಂಬಿಟ್ಟು, ಎಳ್ಳಿನ ಚಿಗಳಿ ಸಮೇತ. ಮರುದಿನ ಚೈತ್ರಳ ಎರಡೂ ಕೈಗೆ ಅವಳೇ ಬಳೆ ಏರಿಸಿದಳು. ಇಬ್ಬರೂ ಅತ್ತರು, ಆಮೇಲೆ ಯಾಕೆ ಅತ್ತೆವೆಂದು ಇಬ್ಬರೂ ನಕ್ಕರು. ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತು, ಒಬ್ಬಟ್ಟನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು. ನಾನು ತುಪ್ಪದ ಗಿಂಡಿ ಹಿಡಿದು ಅವಳ ಎಲೆಯ ಹತ್ತಿರವೇ ಸುಳಿಯುತ್ತಿದ್ದೆ. ಅವಳು ಉಣ್ಣುವುದನ್ನು ನೋಡುವುದೇ ನನಗೆ ಅವತ್ತಿನ ಹಬ್ಬವಾಗಿತ್ತು.

ಮಧ್ಯಾಹ್ನ ನೆಂಟರೆಲ್ಲ ಹೊರಟ ಮೇಲೆ ಚೈತ್ರ ಅವಳಿಗೆ ಆಟ ತೋರಿಸಿದಳು. ಎರಡು ವರ್ಷ ಸಾಕಿದವಳಿಗೆ ಇದನ್ನೂ ಹೇಳದಿದ್ದರೆ ಹೇಗೆಂದು, ಅಪ್ಪ ಕಪ್ಪೆಯಿಂದ ಕಲಿತ ಪಾಠವನ್ನೂ, ಗೃಹಪ್ರವೇಶದ ಹೆಸರು, ಅದರ ಸೇಡಿಗೆ ಹಾಸನದ ಪತ್ರಿಕೆ ಎಂಬ ನನ್ನ ಹಳೆಯ ವಾದವನ್ನೂ ಒಂದೂ ಬಿಡದೆ ಒಪ್ಪಿಸಿದಳು. ನಾನು ಎಲೆಅಡಿಕೆ ತಟ್ಟೆಯಲ್ಲಿ ಸುಣ್ಣ ಹುಡುಕುವವನಂತೆ ತಲೆ ತಗ್ಗಿಸಿದೆ. ಅಕ್ಕ ಕಣ್ಣರಳಿಸಿ ನನ್ನ ಕಡೆ ತಿರುಗಿದಳು.

'ಯಾವ ಎಸ್ರುಲಾ? ಅದು ನಂಗೆ ಗ್ಯಾಪ್ಕಾನೇ ಇಲ್ಲ. ಸೇಡೂ ಇಲ್ಲ, ಪಾಡೂ ಇಲ್ಲ. ನಿನ್ ಕಾರ್ಡು ಚೆನ್ನಾಗಿರಲ್ಲ ಕಣ್ಲಾ! ಎಲ್ಲಾದ್ರಗೂ ಅದೇ ಗಣಪತಿ, ಅದೇ ಬಾಳೆಕಂಬ, ಅದೇ ಕೆಂಪು. ಮಗ ಒಂದೇ ಸಮ್ನೆ ಬ್ಯಾಡ ಅಂದ. ಯೋಳುದ್ರೆ ನೀನ್ ನೊಂದ್ಕತ್ತೀಯ ಅಂತ ಬಾಯ್ ಬುಡ್ನಿಲ್ಲ.'

ಮನೆಯೆಲ್ಲ ನಕ್ಕಿತು. ರತ್ನ ಅಡಿಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಕ್ಕಳು, ಚೈತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಕ್ಕನಂತೂ ಕಣ್ಣು ಒರೆಸಿಕೊಳ್ಳುತ್ತಾ ನಕ್ಕಳು. ಐದು ವರ್ಷದಿಂದ ನಾನು ಹಿಡಿದು ಎಳೆಯುತ್ತಿದ್ದ ಜಾಗದಲ್ಲಿ ಮಡಿಕೆಯೇ ಇರಲಿಲ್ಲ. ನನ್ನ ಮನಸ್ಸಿಗೆ ನೋವಾಗದಿರಲೆಂದು ಅವಳು ಮುಚ್ಚಿಟ್ಟ ಒಂದು ಮಾತಿತ್ತು, ಅಷ್ಟೆ. ನಾನು ಅದಕ್ಕೆ ಸೇಡು ತೀರಿಸಿಕೊಂಡಿದ್ದೆ.

ಮರುದಿನ ಬೆಳಗ್ಗೆ ಅಂಗಡಿ ತೆರೆದವನೇ ಗಿರಾಕಿಗಳಿಗೆ ತೋರಿಸುವ ಸ್ಯಾಂಪಲ್ ಪುಸ್ತಕ ತೆಗೆದು, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಿಧಾನವಾಗಿ ನೋಡಿದೆ. ಅಕ್ಕ ಹೇಳಿದ್ದು ನಿಜ.